ಸಹಾಯ ಬೇಕು: ಜಂತುಹುಳು ಮಾತ್ರೆ ಮತ್ತು ಶಾಲಾ ಹಾಜರಾತಿ ಕುರಿತು ಶಿಕ್ಷಕರ ಅನುಭವ

ಎಲ್ಲರಿಗೂ ನಮಸ್ಕಾರ. ಕೀನ್ಯಾದ ಬುಸಿಯಾ ಜಿಲ್ಲೆಯ 75 ಪ್ರಾಥಮಿಕ ಶಾಲೆಗಳಲ್ಲಿ 1998ರಿಂದ ಹಂತಹಂತವಾಗಿ ಜಂತುಹುಳು ನಿವಾರಕ ಮಾತ್ರೆ ಕೊಟ್ಟು ಅರ್ಥಶಾಸ್ತ್ರಜ್ಞರಾದ ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ನಡೆಸಿದ ಅಧ್ಯಯನದಲ್ಲಿ, ಮಕ್ಕಳ ಗೈರುಹಾಜರಿ ಸುಮಾರು ಕಾಲುಭಾಗದಷ್ಟು ತಗ್ಗಿದ್ದು ಕಂಡುಬಂದಿತ್ತು. ಹಾಜರಿ ಪುಸ್ತಕವನ್ನು ನಂಬದೆ, ಮುನ್ಸೂಚನೆಯಿಲ್ಲದೆ ಶಾಲೆಗೆ ಹೋಗಿ ತಲೆ ಎಣಿಸಿದ್ದೇ ಆ ಅಧ್ಯಯನದ ಬಲ ಎಂಬುದು ನನ್ನ ಅಭಿಪ್ರಾಯ. (ಅದರ ಅಂಕಿಅಂಶಗಳ ಮರುವಿಶ್ಲೇಷಣೆ ಕುರಿತು 2015ರಲ್ಲಿ ದೊಡ್ಡ ವಾದವೇ ನಡೆದಿದೆ.)

ನಮ್ಮಲ್ಲೂ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಎಂಬ ಜಂತುಹುಳು ಮಾತ್ರೆ ಕೊಡಲಾಗುತ್ತಿದ್ದು, ನನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಸರ್ಕಾರಿ ಶಾಲೆಯ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವು ಕೋರುತ್ತಿದ್ದೇನೆ. ಮಾತ್ರೆಯನ್ನು ಎದುರಿಗೇ ಅಗಿಸಿ ನುಂಗಿಸುತ್ತೀರೋ, ಮನೆಗೆ ಕಳಿಸುವುದೂ ಉಂಟೋ, ಆ ದಿನ ಬಾರದ ಮಗುವಿಗೆ ಮುಂದಿನ ಸುತ್ತಿನಲ್ಲಿ ಅದು ನಿಜಕ್ಕೂ ತಲುಪುತ್ತದೆಯೋ ಎಂಬುದನ್ನು ದಯವಿಟ್ಟು ತಿಳಿಸಿ. ಮಕ್ಕಳ ಅಥವಾ ಶಾಲೆಯ ಹೆಸರು ಬೇಡ. ತಾಲ್ಲೂಕು ಹೇಳಿದರೆ ಸಾಕು.