ಪ್ರಶ್ನೋತ್ತರ: ವಿಜ್ಞಾನ ಇತಿಹಾಸದ ಜರ್ನಲ್‌ಗೆ ಸೈಟೇಶನ್ ಎಣಿಸುವುದು ಹೇಗೆ?

ಅಡ್ಮಿನ್: ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಸೈಟೇಶನ್ (ಒಂದು ಲೇಖನವನ್ನು ಬೇರೆಯವರು ಉಲ್ಲೇಖಿಸಿದ್ದು) ಲೆಕ್ಕ ನೋಡುವ ಮೇಡಂ ಇವತ್ತು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಪಿಎಚ್‌ಡಿ ವಿದ್ಯಾರ್ಥಿನಿ: ಮೇಡಂ, ನನ್ನ ಒಂದು ಅಧ್ಯಾಯ ‘ಇಂಡಿಯನ್ ಜರ್ನಲ್ ಆಫ್ ಹಿಸ್ಟರಿ ಆಫ್ ಸೈನ್ಸ್’ ಬಗ್ಗೆ. 1966ರಿಂದ ಬರುತ್ತಿರುವ ಪತ್ರಿಕೆ. ಎರಡು ವರ್ಷದ ಲೆಕ್ಕ ಹಾಕಿದರೆ ಅಂಕಿ ತೀರಾ ಕಡಿಮೆ ಬರುತ್ತದೆ. ‘ಪ್ರಭಾವ ಇಲ್ಲ ಅಂತ ಬರೆದು ಮುಗಿಸು’ ಅನ್ನುತ್ತಾರೆ ಗೈಡ್. ಬರೆಯಲಾ?

ಮೇಡಂ: ಬರೆಯಬೇಡಿ. ಸ್ವಲ್ಪ ಉದ್ದ ಹೇಳುತ್ತೇನೆ, ಕೇಳಿ.

ನೀವು ಹಾಕಿದ ಎರಡು ವರ್ಷದ ಲೆಕ್ಕಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುತ್ತಾರೆ. ಅದು ಇಷ್ಟೇ. 2022 ಮತ್ತು 2023ರಲ್ಲಿ ಬಂದ ಬರಹಗಳನ್ನು 2024ರಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಅಂತ ಎಣಿಸಬೇಕು. ಅದನ್ನು ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಬೇಕು. ಜೀವರಸಾಯನದವರಿಗೆ ಇದು ನಡೆಯುತ್ತದೆ. ಅವರ ಲೇಖನ ಬೇಗ ಬರುತ್ತದೆ, ಬೇಗ ಹಳೆಯದಾಗುತ್ತದೆ. ಇತಿಹಾಸದಲ್ಲಿ ಒಬ್ಬರ ಲೇಖನ ಓದಿ, ಹಸ್ತಪ್ರತಿ ಹುಡುಕಿ, ಬರೆದು, ಅಚ್ಚಾಗುವ ಹೊತ್ತಿಗೆ ಆ ಎರಡು ವರ್ಷ ಎಂದೋ ದಾಟಿರುತ್ತದೆ.

ನಿಮ್ಮ ಜರ್ನಲ್‌ನಿಂದಲೇ ಒಂದು ಉದಾಹರಣೆ. ವೇದಾಂಗ ಜ್ಯೋತಿಷ ಅನ್ನುವ ಪ್ರಾಚೀನ ಖಗೋಳ ಗ್ರಂಥಕ್ಕೆ ಕುಪ್ಪಣ್ಣ ಶಾಸ್ತ್ರಿಗಳ ಅನುವಾದ, ಟಿಪ್ಪಣಿ. ಕೆ. ವಿ. ಶರ್ಮ ಸಂಪಾದಿಸಿದ್ದು. 1984ರಲ್ಲಿ ಇದೇ ಪತ್ರಿಕೆಯ ಪುರವಣಿಯಾಗಿ ಬಂತು, 1985ರಲ್ಲಿ ಪುಸ್ತಕವಾಯಿತು. ಇವತ್ತಿಗೂ ಉಲ್ಲೇಖಿಸುತ್ತಾರೆ. ಕೆಲವರು ಜರ್ನಲ್ ಅಂತ, ಕೆಲವರು ಪುಸ್ತಕ ಅಂತ. ಪುಸ್ತಕ ಅಂತ ಬರೆದದ್ದು ಜರ್ನಲ್ ಖಾತೆಗೆ ಸೇರುವುದೇ ಇಲ್ಲ. ಎರಡು ವರ್ಷದ ಲೆಕ್ಕಕ್ಕಂತೂ ಎರಡೂ ಸೇರುವುದಿಲ್ಲ.

ಇನ್ನೂ ಇದೆ. ಈ ಕ್ಷೇತ್ರದವರು ಜಾಸ್ತಿ ಬರೆಯುವುದು ಪುಸ್ತಕ. ಪುಸ್ತಕದ ಅಡಿಟಿಪ್ಪಣಿಗಳು ಉಲ್ಲೇಖ ಎಣಿಸುವ ದತ್ತಾಂಶ ಸೂಚಿಗಳಾದ ಸ್ಕೋಪಸ್‌ಗೂ ವೆಬ್ ಆಫ್ ಸೈನ್ಸ್‌ಗೂ ಪೂರ್ತಿ ಸಿಗುವುದಿಲ್ಲ. ಪತ್ರಿಕೆಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಚಿಕ್ಕದು ಮಾಡುತ್ತಾರೆ. ‘ಅದೇ, ಪುಟ 40’ ಅಂತ ಟಿಪ್ಪಣಿ ಬರೆದರೆ ಯಂತ್ರಕ್ಕೆ ಏನು ತಿಳಿಯುತ್ತದೆ? ಪುಸ್ತಕ ವಿಮರ್ಶೆಗಳದ್ದು ಇನ್ನೊಂದು ತಮಾಷೆ. ಭಾಗಿಸುವ ಸಂಖ್ಯೆಯಲ್ಲಿ ಅವು ಇರುವುದಿಲ್ಲ, ಆದರೆ ಅವಕ್ಕೆ ಉಲ್ಲೇಖ ಸಿಕ್ಕರೆ ಮೇಲಿನ ಸಂಖ್ಯೆಗೆ ಸೇರುತ್ತದೆ.

ಹಾಗಾಗಿ ಹೀಗೆ ಮಾಡಿ. ಪ್ರತಿ ದಶಕದಿಂದ ಒಂದಷ್ಟು ಲೇಖನ ಆರಿಸಿ. ಪ್ರಕಟವಾದ ವರ್ಷದಿಂದ ಇವತ್ತಿನವರೆಗೆ ಎಣಿಸಿ. ಗೂಗಲ್ ಸ್ಕಾಲರ್‌ನಲ್ಲಿ ಜಾಸ್ತಿ ಸಿಗುತ್ತದೆ, ಕಸವೂ ಸಿಗುತ್ತದೆ. ಒಂದೊಂದನ್ನೂ ತೆರೆದು ನೋಡಿ. ಭಾರತೀಯ ಗಣಿತ, ಖಗೋಳದ ಮುಖ್ಯ ಪುಸ್ತಕಗಳ ಗ್ರಂಥಸೂಚಿ ಕೈಯಲ್ಲೇ ಹುಡುಕಿ. ಬೇಜಾರಿನ ಕೆಲಸ, ಬೇರೆ ದಾರಿ ಇಲ್ಲ.

ಸಹಾಯಕ ಪ್ರಾಧ್ಯಾಪಕ: ಈ ಜರ್ನಲ್ ಯುಜಿಸಿ ಕೇರ್‌ನಲ್ಲಿ, ಅಂದರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿ, ಇದೆಯಾ ಮೇಡಂ?

ಮೇಡಂ: ಕೇರ್ ಪಟ್ಟಿಯನ್ನೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದಾರೆ.

ಗಣಿತದ ಮೇಷ್ಟ್ರು: ಓದುವವರಿಲ್ಲ, ಅದಕ್ಕೇ ಸೈಟೇಶನ್ ಇಲ್ಲ. ಇದಕ್ಕೆ ಇಷ್ಟುದ್ದ ಸಮಜಾಯಿಷಿ ಬೇಕಾ?

ಇತಿಹಾಸದ ಉಪನ್ಯಾಸಕ: ಯುರೋಪಿನಲ್ಲಿ ಮಾನವಿಕ ಜರ್ನಲ್‌ಗಳಿಗೆ ಎ, ಬಿ, ಸಿ ದರ್ಜೆ ಕೊಡಲು ಹೊರಟಾಗ ಏನಾಯಿತು ಗೊತ್ತಾ ಸರ್? ವಿಜ್ಞಾನ ಇತಿಹಾಸದ ಜರ್ನಲ್‌ಗಳ ಸಂಪಾದಕರೇ ಒಟ್ಟಾಗಿ, ನಮ್ಮ ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆಯಿರಿ ಅಂದರು. ಓದುವವರಿಲ್ಲ ಅಂತಲ್ಲ, ಅಳತೆಗೋಲೇ ಸರಿಯಿಲ್ಲ ಅಂತ.

ಗಣಿತದ ಮೇಷ್ಟ್ರು: ಕಡಿಮೆ ಅಂಕ ಬಂದವರೆಲ್ಲ ಪ್ರಶ್ನೆಪತ್ರಿಕೆ ಸರಿಯಿಲ್ಲ ಅಂತಲೇ ಹೇಳೋದು.

ಸದಸ್ಯ: *ಫಾರ್ವರ್ಡ್* – ಸಂಪಾದಕರಿಗೆ ಸಿಹಿ ಸುದ್ದಿ! ನಿಮ್ಮ ಜರ್ನಲ್ ನೋಂದಾಯಿಸಿ, 7 ದಿನದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಸರ್ಟಿಫಿಕೇಟ್ ಪಡೆಯಿರಿ. ಎಲ್ಲರಿಗೂ ಹಂಚಿ.

ಮೇಡಂ: ದಯವಿಟ್ಟು ಹಂಚಬೇಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿ ಒಂದೇ. ಸ್ಕೋಪಸ್‌ನದ್ದು ಸೈಟ್‌ಸ್ಕೋರ್, ನಾಲ್ಕು ವರ್ಷದ ಲೆಕ್ಕ. ‘ಗ್ಲೋಬಲ್’, ‘ಯೂನಿವರ್ಸಲ್’, ‘ಸೈಂಟಿಫಿಕ್’ ಅಂತ ಮುಂದೆ ಸೇರಿಸಿಕೊಂಡು ಬರುವುದೆಲ್ಲ ದುಡ್ಡು ಕೊಟ್ಟು ತರುವ ಕಾಗದ. ಅದನ್ನು ಮುಖಪುಟದಲ್ಲಿ ಹಾಕಿದ ಜರ್ನಲ್ ಕಂಡರೆ ಲೇಖನ ಕಳಿಸಬೇಡಿ.

ಸಣ್ಣ ಜರ್ನಲ್‌ನ ಸಂಪಾದಕ: ನಮ್ಮಲ್ಲಿ ಹೊಸ ನಿಯಮ ಮಾಡಿದ್ದೇವೆ. ಲೇಖನ ಕಳಿಸುವವರು ನಮ್ಮ ಕಳೆದ ಎರಡು ವರ್ಷದ ಮೂರು ಲೇಖನಗಳನ್ನಾದರೂ ಉಲ್ಲೇಖಿಸಬೇಕು. ಎಲ್ಲರೂ ಮಾಡ್ತಾರೆ ಅಲ್ವಾ?

ಮೇಡಂ: ಎಲ್ಲರೂ ಮಾಡುವುದಿಲ್ಲ. ಇವತ್ತೇ ನಿಲ್ಲಿಸಿ. ಲೆಕ್ಕ ನೋಡಿ: 40 ಲೇಖನ, 12 ಉಲ್ಲೇಖ ಅಂದರೆ 0.3. ಬಲವಂತದ 20 ಸೇರಿಸಿದರೆ 0.8. ಒಂದೇ ವರ್ಷದಲ್ಲಿ ಹಾರಿತು ಅಂತ ಖುಷಿಪಡುತ್ತೀರಿ. ಆದರೆ 32ರಲ್ಲಿ 20 ನಿಮ್ಮ ಪತ್ರಿಕೆಯಿಂದಲೇ ಬಂದದ್ದು. ಸ್ವಂತ ಉಲ್ಲೇಖ ಎಷ್ಟು ಅಂತ ಕ್ಲಾರಿವೇಟ್‌ನವರು ತಮ್ಮ ವರದಿಯಲ್ಲೇ ಬೇರೆ ತೋರಿಸುತ್ತಾರೆ. ಅತಿಯಾದರೆ ಆ ವರ್ಷದ ಅಂಕಿಯನ್ನೇ ತಡೆಹಿಡಿಯುತ್ತಾರೆ. ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಹೊಸಬರು ನಿಮ್ಮ ಮಾತಿಗೆ ಹೆದರಿ, ಓದದ ಲೇಖನವನ್ನು ಟಿಪ್ಪಣಿಯಲ್ಲಿ ಸೇರಿಸುತ್ತಾರೆ. ಇಪ್ಪತ್ತು ವರ್ಷದ ನಂತರ ಆ ಟಿಪ್ಪಣಿಯನ್ನು ನಂಬಿ ಇನ್ನೊಬ್ಬರು ಹುಡುಕುತ್ತಾರೆ.

ಸಣ್ಣ ಜರ್ನಲ್‌ನ ಸಂಪಾದಕ: ಸಲಹೆ ಕೇಳಿದ್ದು, ಬೈಗುಳ ಅಲ್ಲ.

ಕನ್ನಡ ಎಂ.ಎ.: ಕನ್ನಡದಲ್ಲಿ ಬರೆದ ವಿಜ್ಞಾನ ಇತಿಹಾಸದ ಲೇಖನಗಳ ಉಲ್ಲೇಖವನ್ನು ಯಾರು ಎಣಿಸುತ್ತಾರೆ?

ಗಣಿತದ ಮೇಷ್ಟ್ರು: ಅಂಕಿ ಬೇಡ ಅಂದ್ರೆ ಬಡ್ತಿ ಹೇಗೆ ಕೊಡೋದು? ಮುಖ ನೋಡಿಯಾ?

ಇತಿಹಾಸದ ಉಪನ್ಯಾಸಕ: ಬರೆದದ್ದನ್ನು ಓದಿ ಕೊಡಿ.

ಗಣಿತದ ಮೇಷ್ಟ್ರು: ಆಯ್ಕೆ ಸಮಿತಿಯಲ್ಲಿ ಓದಿದವರನ್ನು ಒಬ್ಬರನ್ನು ತೋರಿಸಿ. ಅಂಕಿಗಾದರೂ ಜಾತಿ ಗೊತ್ತಿಲ್ಲ, ವಶೀಲಿ ಗೊತ್ತಿಲ್ಲ.

ಇತಿಹಾಸದ ಉಪನ್ಯಾಸಕ: ಯಾವ ಜರ್ನಲ್ ಸೂಚಿಗೆ ಸೇರಬೇಕು ಅಂತ ತೀರ್ಮಾನಿಸುವವರಿಗೆ ಗೊತ್ತಿಲ್ಲವಾ? ಸುಮ್ನೆ ಏನಾದರೂ ಹೇಳಬೇಡಿ.

ಮೇಡಂ: ಮೇಷ್ಟ್ರೇ, ವಶೀಲಿಯ ಮಾತು ಒಪ್ಪುತ್ತೇನೆ. ಆದರೆ ಗಣಿತದಲ್ಲೂ ಉಲ್ಲೇಖ ನಿಧಾನವೇ. 2008ರಲ್ಲಿ ಅಂತರರಾಷ್ಟ್ರೀಯ ಗಣಿತ ಒಕ್ಕೂಟ ಇನ್ನೆರಡು ಸಂಸ್ಥೆಗಳ ಜೊತೆ ವರದಿ ತಂದಿತ್ತು. ಸೈಟೇಶನ್ ಅಂಕಿಯೊಂದನ್ನೇ ನಂಬಿ ತೀರ್ಮಾನಿಸಬೇಡಿ ಅಂತ ಎಚ್ಚರಿಸಿದ್ದು ನಿಮ್ಮವರೇ.

ಗಣಿತದ ಮೇಷ್ಟ್ರು: ವರದಿಗಳು ನೂರು ಬರ್ತವೆ.

ಅತಿಥಿ ಉಪನ್ಯಾಸಕಿ: ಯುಜಿಸಿ ಕೇರ್ ಪಟ್ಟಿಯ ಪಿಡಿಎಫ್ ಯಾರಾದರೂ ಕಳಿಸ್ತೀರಾ?

ಮೇಡಂ: ಮೇಲೆ ಓದಿ.

ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿ: ಮಾನವಿಕ ಜರ್ನಲ್‌ಗಳಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲ ಅಂತ ನಮ್ಮ ನೋಟ್ಸ್‌ನಲ್ಲಿದೆ.

ಮೇಡಂ: ಹಳೇ ನೋಟ್ಸ್. 2023ರಿಂದ ಕೊಡುತ್ತಿದ್ದಾರೆ.

ಸದಸ್ಯ: ನಾನು ಹಾಕಿದ ಫಾರ್ವರ್ಡ್ ನಿಜ ಮೇಡಂ. ನಮ್ಮ ಕಾಲೇಜಿನ ಜರ್ನಲ್‌ಗೆ 5.2 ಬಂದಿದೆ.

ಮೇಡಂ: ಬಿಲ್ ಎಷ್ಟು ಬಂತು?

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ.

ಪಿಎಚ್‌ಡಿ ವಿದ್ಯಾರ್ಥಿನಿ: ಮೇಡಂ, ಗೈಡ್‌ಗೆ ತೋರಿಸಲು ಒಂದಾದರೂ ಅಂಕಿ ಬೇಕೇ ಬೇಕಂತೆ. ಯಾವುದು ಕೊಡಲಿ?

ಮೇಡಂ: ಮೊದಲ ಹತ್ತು ವರ್ಷದಲ್ಲಿ ಸಿಕ್ಕ ಉಲ್ಲೇಖ ಎಷ್ಟು, ಆಮೇಲೆ ಸಿಕ್ಕದ್ದು ಎಷ್ಟು, ಇವೆರಡನ್ನು ಅಕ್ಕಪಕ್ಕ ಇಡಿ. ಪುಸ್ತಕಗಳಿಂದ ಬಂದದ್ದು, ಜರ್ನಲ್‌ಗಳಿಂದ ಬಂದದ್ದು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಎಣಿಸಿದ ದಿನಾಂಕ ಹಾಕಿ, ಗೂಗಲ್ ಸ್ಕಾಲರ್‌ನ ಅಂಕಿ ಬದಲಾಗುತ್ತಿರುತ್ತದೆ.

ಇತಿಹಾಸದ ಉಪನ್ಯಾಸಕ: ಮೇಷ್ಟ್ರೇ, ನಿಮ್ಮ ಕೊನೆಯ ಲೇಖನಕ್ಕೆ ಎಷ್ಟು ಸೈಟೇಶನ್ ಬಂತು ಅಂತ ಕೇಳಬಹುದಾ?

ಗಣಿತದ ಮೇಷ್ಟ್ರು: ನಿಮಗಿಂತ ಜಾಸ್ತಿ.