ಅಮೆರಿಕದ ಬೆಳ್ಳಿಯ ಮೇಲೆ ಜಪಾನಿನ ಮೀನು ಮತ್ತು ಬಳ್ಳಿಗಳು

ಪ್ರಶ್ನೆ: 1870ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಆಭರಣ ಮತ್ತು ಬೆಳ್ಳಿ ಸಾಮಾನಿನ ಸಂಸ್ಥೆಯಾದ ಟಿಫನಿ ಕಂಪನಿ ತಯಾರಿಸಿದ ಬೆಳ್ಳಿಯ ಹೂಜಿಗಳ ಮೇಲೆ ಮೀನು, ಸೋರೆಬಳ್ಳಿ, ಡ್ರ್ಯಾಗನ್‌ಫ್ಲೈಗಳನ್ನು ಕೂರಿಸಲಾಗಿದೆ, ಕೆಲವು ತಾಮ್ರದವು. ಈ ಜಪಾನಿ ಶೈಲಿ ನ್ಯೂಯಾರ್ಕಿಗೆ ಬಂದ ಬಗೆ ಹೇಗೆ?

ಉತ್ತರ 1: ಅಮೆರಿಕ ಮತ್ತು ಜಪಾನ್ ನಡುವಿನ 1854ರ ಒಪ್ಪಂದದ ನಂತರ ಜಪಾನಿನ ವಸ್ತುಗಳು ಅಮೆರಿಕದ ಮಾರುಕಟ್ಟೆಗೆ ಬರತೊಡಗಿದವು. ಆದರೆ ಟಿಫನಿಯ ಮಟ್ಟಿಗೆ ಮುಖ್ಯ ಕಾರಣ ಅದರ ಬೆಳ್ಳಿ ವಿಭಾಗದ ಮುಖ್ಯಸ್ಥ ಎಡ್ವರ್ಡ್ ಸಿ. ಮೂರ್. ಅವರು ಜಪಾನಿನ ಲೋಹದ ಕೆಲಸ, ಬುಟ್ಟಿ, ಪಿಂಗಾಣಿಗಳನ್ನು ಸಂಗ್ರಹಿಸಿ, ವಿನ್ಯಾಸಕಾರರು ಅವನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡುವಂತೆ ಕಾರ್ಯಾಗಾರದಲ್ಲೇ ಇರಿಸಿದ್ದರು. 1891ರಲ್ಲಿ ಅವರು ತೀರಿಕೊಂಡ ಮೇಲೆ ಆ ಸಂಗ್ರಹ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಸೇರಿತು. ಜಪಾನಿನ ಚಿತ್ರಕಾರ ಹೊಕುಸಾಯ್ ಅವರ ರೇಖಾಚಿತ್ರಗಳೂ ಮೂರ್ ಅವರಿಗೆ ಆಕರವಾಗಿದ್ದವು.

ಉತ್ತರ 2: ತಾಮ್ರದ ವಿಷಯ ಇನ್ನೂ ಕುತೂಹಲಕರವಾದುದು. ಶುದ್ಧತೆಯ ಅಧಿಕೃತ ಮುದ್ರೆ ಪಡೆಯುವ ಬೆಳ್ಳಿಗೆ ತಾಮ್ರದಂಥ ಕೀಳು ಲೋಹವನ್ನು ಜೋಡಿಸಲು ಬ್ರಿಟನ್ನಿನ ಕಾನೂನು ಅವಕಾಶ ನೀಡುತ್ತಿರಲಿಲ್ಲ. ಅಮೆರಿಕದಲ್ಲಿ ಅಂಥ ತಡೆಯಿಲ್ಲದ್ದರಿಂದ, ಜಪಾನಿನ ಖಡ್ಗದ ಅಲಂಕಾರಗಳಲ್ಲಿದ್ದ ಬಹುಲೋಹದ ಸೊಗಸನ್ನು ಅಲ್ಲಿನ ಅಕ್ಕಸಾಲಿಗರು ನಿರಾತಂಕವಾಗಿ ಅನುಸರಿಸಿದರು. ಬೆಳ್ಳಿಯ ಮೇಲೆ ಬಿದ್ದ ಸುತ್ತಿಗೆಯ ಗುರುತುಗಳನ್ನು ಉಜ್ಜಿ ನಯಗೊಳಿಸದೆ ಉಳಿಸಿದ್ದು, ನನ್ನ ಅಭಿಪ್ರಾಯದಲ್ಲಿ, ಚಿತ್ರಗಳಿಗಿಂತಲೂ ದಿಟ್ಟ ಹೆಜ್ಜೆ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಟಿಫನಿಯ ಬೆಳ್ಳಿ ಕೆಲಸಕ್ಕೆ ಅತ್ಯುನ್ನತ ಬಹುಮಾನ ದೊರೆಯಿತು.

ಉತ್ತರ 3: ಅಮೆರಿಕದ ಪ್ರಾವಿಡೆನ್ಸ್ ನಗರದ ಬೆಳ್ಳಿ ತಯಾರಕ ಗೋರಮ್ ಕಂಪನಿಯ ಕೆಲಸವನ್ನೂ ಗಮನಿಸಿ, ಅಲ್ಲಿಯೂ ಇದೇ ಕಾಲದಲ್ಲಿ ಬೆಳ್ಳಿಗೆ ತಾಮ್ರದ ಜೀವಿಗಳನ್ನು ಜೋಡಿಸಿದ ಪಾತ್ರೆಗಳು ತಯಾರಾದವು.