ಪಂಚಾಯತಿಯ ಮೇಲಿನ ದೂರು ಪಂಚಾಯತಿಗೇ ಮರಳಿ ಬಂದರೆ ಸ್ವತಂತ್ರ ತನಿಖೆಗೆ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಭೀಮಾ ತೀರದ ರೈತ

ಎಲ್ಲರಿಗೂ ಶರಣು. ನಮ್ಮದು ಯಾದಗಿರಿ ಕಡೆಯ ಒಂದು ಹಳ್ಳಿ. ನಮ್ಮ ಓಣಿಗೆ ಸಿಸಿ ರಸ್ತೆ ಮತ್ತು ಅದರ ಬದಿಗೆ ಗಟಾರ ಮಾಡಿಸಿ ಬಿಲ್ಲು ಪಾವತಿಸಿದ್ದಾಗಿ ಗ್ರಾಮ ಪಂಚಾಯತಿಯ ದಾಖಲೆಯಲ್ಲಿದೆ. ಸ್ಥಳದಲ್ಲಿ ನೋಡಿದರೆ ರಸ್ತೆ ಅರ್ಧಕ್ಕೆ ನಿಂತಿದೆ, ಗಟಾರದ ಗುರುತೇ ಇಲ್ಲ; ಮಳೆಗಾಲದಲ್ಲಿ ಹೊಲಸು ನೀರು ಮನೆಗಳ ಹೊಸ್ತಿಲು ದಾಟುತ್ತದೆ. ಇದರ ಜೊತೆಗೆ, ತಂದೆಯವರು ತೀರಿಕೊಂಡ ಮೇಲೆ ಮನೆಯ ಖಾತೆಯನ್ನು ತಾಯಿಯ ಹೆಸರಿಗೆ ಬದಲಾಯಿಸಲು ಕೊಟ್ಟ ಅರ್ಜಿಯೂ ಬಹಳ ಕಾಲದಿಂದ ಅಲ್ಲಿಯೇ ಬಿದ್ದಿದೆ. ಎರಡನ್ನೂ ಸೇರಿಸಿ ಮೇಲಿನ ಕಚೇರಿಗೆ ಬರೆದಾಗ, ನನ್ನ ದೂರು "ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು" ಎಂಬ ಷರಾ ಹೊತ್ತು, ನಾನು ಯಾರ ಮೇಲೆ ದೂರಿದ್ದೆನೋ ಅದೇ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರ ಬಳಿಗೆ ಬಂತು. ಕಾಮಗಾರಿ ಅಂದಾಜು ಪಟ್ಟಿಯಂತೆ ಪೂರ್ಣಗೊಂಡಿದೆ ಎಂದು ಅವರು ಕೊಟ್ಟ ಉತ್ತರದ ಪ್ರತಿಯನ್ನೇ ನನಗೆ ಕಳುಹಿಸಿ ಕಡತವನ್ನು ಮುಕ್ತಾಯಗೊಳಿಸಿದರು. ಪಂಚಾಯತಿಗೂ ಅದರ ಮೇಲಧಿಕಾರಿಗಳಿಗೂ ಸಂಬಂಧವಿಲ್ಲದ ಯಾರಾದರೂ ಬಂದು ನೋಡುವ ವ್ಯವಸ್ಥೆ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ನಿವೃತ್ತ ಎಫ್‌ಡಿಎ, ಕಲಬುರಗಿ

ಶರಣು. ದೂರಿಗೆ ಒಳಗಾದವರಿಂದಲೇ ವರದಿ ತರಿಸಿಕೊಳ್ಳುವುದಕ್ಕೆ ಕಚೇರಿಯ ಭಾಷೆಯಲ್ಲಿ ಸಮಜಾಯಿಷಿ ಪಡೆಯುವುದು ಎನ್ನುತ್ತಾರೆ. ಅದನ್ನು ತನಿಖೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ತಾವು ಕೇಳುತ್ತಿರುವ ಸ್ವತಂತ್ರ ಸಂಸ್ಥೆ ನಮ್ಮ ರಾಜ್ಯದಲ್ಲಿ ಲೋಕಾಯುಕ್ತ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಪ್ರಕಾರ ಸರ್ಕಾರಿ ನೌಕರರಷ್ಟೇ ಅಲ್ಲದೆ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರೂ ಅದರ ವ್ಯಾಪ್ತಿಗೆ ಬರುತ್ತಾರೆ. ಪಂಚಾಯತಿ ಮಟ್ಟದ ದೂರುಗಳನ್ನು ಸಾಮಾನ್ಯವಾಗಿ ಉಪಲೋಕಾಯುಕ್ತರು ನೋಡುತ್ತಾರೆ.

ಆದರೆ ಅಲ್ಲಿಗೆ ಹೋಗುವ ಮೊದಲು ತಮ್ಮ ಎರಡು ವಿಷಯಗಳನ್ನು ಬೇರೆಬೇರೆ ಮಾಡಿಕೊಳ್ಳಿ. ಕಾಯ್ದೆಯು ದೂರುಗಳನ್ನು ಎರಡು ಬಗೆಯಾಗಿ ಕಾಣುತ್ತದೆ. ಅಧಿಕಾರ ದುರುಪಯೋಗ, ಭ್ರಷ್ಟಾಚಾರ, ಪಕ್ಷಪಾತ ಇವೆಲ್ಲ ಆಪಾದನೆಗಳು. ದುರಾಡಳಿತದಿಂದ ಒಬ್ಬ ವ್ಯಕ್ತಿಗೆ ಅನ್ಯಾಯ ಅಥವಾ ವಿಪರೀತ ತೊಂದರೆ ಆಗಿದ್ದರೆ ಅದು ಕುಂದುಕೊರತೆ. ಮಾಡದ ಗಟಾರಕ್ಕೆ ಬಿಲ್ಲು ಎತ್ತಿದ್ದು ಆಪಾದನೆ, ತಾಯಿಯವರ ಖಾತೆ ತಡವಾದದ್ದು ಕುಂದುಕೊರತೆ. ಆಪಾದನೆಯ ದೂರನ್ನು ಕೃತ್ಯ ನಡೆದ ದಿನದಿಂದ 5 ವರ್ಷದೊಳಗೆ ಕೊಡಬಹುದು. ಕುಂದುಕೊರತೆಯನ್ನಾದರೆ ವಿಷಯ ತಮಗೆ ತಿಳಿದ ದಿನದಿಂದ 6 ತಿಂಗಳೊಳಗೆ ಕೊಡಬೇಕು. ಇನ್ನೊಂದು ಮುಖ್ಯವಾದ ಮಾತಿದೆ: ಮೇಲ್ಮನವಿಯಂತಹ ಬೇರೆ ದಾರಿ ಇದ್ದೂ ಅದನ್ನು ಬಳಸದೆ ಬಂದ ಕುಂದುಕೊರತೆಯನ್ನು ಲೋಕಾಯುಕ್ತರು ತನಿಖೆಗೆ ಎತ್ತಿಕೊಳ್ಳುವಂತಿಲ್ಲ. ಒಂದೇ ಅರ್ಜಿಯಲ್ಲಿ ಎಲ್ಲವನ್ನೂ ತುಂಬಿ ಕಳುಹಿಸಿದರೆ ಈ ಕಾರಣಕ್ಕೇ ಗಟ್ಟಿಯಾದ ದೂರೂ ದುರ್ಬಲವಾಗುತ್ತದೆ.

ಖಾತೆಯ ವಿಷಯಕ್ಕೆ ಸಕಾಲ, ಅಂದರೆ ನಿಗದಿತ ಅವಧಿಯಲ್ಲಿ ಸರ್ಕಾರಿ ಸೇವೆ ಕೊಡಬೇಕೆಂಬ ವ್ಯವಸ್ಥೆ, ಸಾಕು. ಅರ್ಜಿಗೆ ಸಕಾಲ ಸಂಖ್ಯೆ ಪಡೆದುಕೊಳ್ಳಿ, ಅವಧಿ ಮೀರಿದರೆ ಮೇಲ್ಮನವಿ ಹಾಕಿ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಮೊತ್ತ ಚಿಕ್ಕದು, ಆದರೆ ಅದು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಹೋಗಬೇಕಾದ ಹಣವಾದ್ದರಿಂದ ಕಡತ ಕದಲುತ್ತದೆ.

ಗಟಾರದ ದೂರನ್ನು ಮಾತ್ರ ಲೋಕಾಯುಕ್ತಕ್ಕೆ ಕೊಡಿ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ, ಜೊತೆಗೆ ದಾಖಲೆಗಳ ಪ್ರತಿಗಳು ಇರಬೇಕು. ಯಾವ ಅಧಿಕಾರಿ, ಯಾವ ಹುದ್ದೆ, ಯಾವ ಕಾಮಗಾರಿ, ಎಷ್ಟು ಹಣ, ಯಾವ ದಿನಾಂಕ ಎಂಬುದನ್ನು ಬಿಡಿಬಿಡಿಯಾಗಿ ಬರೆಯಿರಿ. "ಪಂಚಾಯತಿಯಲ್ಲಿ ಭಾರಿ ಅವ್ಯವಹಾರ ನಡೆದಿದೆ" ಎಂಬಂತಹ ಸಾಲಿನ ಮೇಲೆ ಯಾರೂ ತನಿಖೆ ನಡೆಸಲಾರರು.

ಉತ್ತರ 2: ಕಾಮಗಾರಿ ಬಲ್ಲವ, ಜೇವರ್ಗಿ

ಹಿರಿಯರು ಕಾನೂನನ್ನು ಹೇಳಿದ್ದಾರೆ, ನಾನು ದಾಖಲೆಯ ಬಗ್ಗೆ ಹೇಳುತ್ತೇನೆ. ಯಾವುದೇ ಕಾಮಗಾರಿಯ ಸತ್ಯ ಅಳತೆ ಪುಸ್ತಕದಲ್ಲಿರುತ್ತದೆ, ನಾವು ಎಂಬಿ ಎಂದು ಕರೆಯುವುದು ಅದನ್ನೇ. ಎಷ್ಟು ಉದ್ದ, ಎಷ್ಟು ಅಗಲ, ಕಾಂಕ್ರೀಟಿನ ದಪ್ಪ ಎಷ್ಟು ಎಂಬುದನ್ನು ಇಂಜಿನಿಯರ್ ಅದರಲ್ಲಿ ಬರೆದು ಸಹಿ ಮಾಡಿದ ಮೇಲೆಯೇ ಬಿಲ್ಲು ಆಗುವುದು. ಆದ್ದರಿಂದ ಮಾಹಿತಿ ಹಕ್ಕಿನಲ್ಲಿ ಅಂದಾಜು ಪಟ್ಟಿ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಬಿಲ್ಲು, ಪಾವತಿ ವೋಚರ್ ಮತ್ತು ಕಾಮಗಾರಿಯ ಫೋಟೋಗಳನ್ನು ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಇದನ್ನು ಮರೆತದ್ದರಿಂದ ತಿರಸ್ಕೃತವಾದ ಅರ್ಜಿಗಳನ್ನು ಬಹಳ ನೋಡಿದ್ದೇನೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲಿಯೇ ಇರುವುದರಿಂದ ನಮ್ಮ ಭಾಗದವರಿಗೆ ಬೆಂಗಳೂರಿನ ಪ್ರಯಾಣ ತಪ್ಪಿದೆ.

ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ಇದೇ ಕಾಯ್ದೆಯಲ್ಲಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಎಂಬಿಯ ಪುಟ ಕೈಗೆ ಬಂದ ಮೇಲೆ ಊರಿನ ನಾಲ್ಕು ಜನರ ಎದುರು ಟೇಪು ಹಿಡಿದು ರಸ್ತೆ ಅಳೆಯಿರಿ, ದಿನಾಂಕ ಕಾಣುವಂತೆ ಫೋಟೋ ತೆಗೆಯಿರಿ. ಪುಸ್ತಕದ ಅಳತೆಗೂ ನೆಲದ ಅಳತೆಗೂ ಇರುವ ವ್ಯತ್ಯಾಸವೇ ತಮ್ಮ ದೂರು. ಲೋಕಾಯುಕ್ತದಲ್ಲಿ ಇಂಜಿನಿಯರುಗಳಿರುವ ತಾಂತ್ರಿಕ ವಿಭಾಗವೂ ಇರುವುದರಿಂದ, ಇಷ್ಟು ನಿಖರವಾಗಿ ಬರೆದರೆ ಅವರು ಸ್ಥಳದಲ್ಲಿ ಏನನ್ನು ಅಳೆಯಬೇಕೆಂಬುದು ಸ್ಪಷ್ಟವಾಗಿರುತ್ತದೆ.

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಪಂಚಾಯತಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದಿಡಬೇಕಾದ ದಿನ ಅದು. ತಾವು ಅಲ್ಲಿ ಎದ್ದು ನಿಂತು ಕೇಳಿ, ತಮ್ಮ ಆಕ್ಷೇಪಣೆಯನ್ನು ನಡಾವಳಿಯಲ್ಲಿ ಬರೆಸಿ. ಇನ್ನು ಅದು 2005ರ ಕಾಯ್ದೆಯ ಉದ್ಯೋಗ ಖಾತ್ರಿ ಹಣದ ಕಾಮಗಾರಿಯಾಗಿದ್ದರೆ, ಅದಕ್ಕೆ ಜಿಲ್ಲಾ ಒಂಬುಡ್ಸ್‌ಮನ್ (ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವವರು) ವ್ಯವಸ್ಥೆಯೂ ಸಾಮಾಜಿಕ ಲೆಕ್ಕ ಪರಿಶೋಧನೆಯೂ ಪ್ರತ್ಯೇಕವಾಗಿವೆ. ಹಾಗಾಗಿ ಮೊದಲು ಹಣ ಯಾವ ಯೋಜನೆಯದು ಎಂದು ತಿಳಿದುಕೊಳ್ಳಿ.

ಉತ್ತರ 3: ಅಧ್ಯಾಪಕ, ಬೀದರ್

ಇಬ್ಬರೂ ಹೇಳಿದ್ದು ಸರಿ. ಆದರೂ ನಮ್ಮ ವ್ಯವಸ್ಥೆಯ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನಲ್ಲಿ 1974ರ ಕಾಯ್ದೆಯಿಂದ ಸ್ಥಳೀಯ ಸಂಸ್ಥೆಗಳ ದೂರುಗಳಿಗೆಂದೇ ಪ್ರತ್ಯೇಕ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿಯೂ ಮೊದಲು ಸಂಬಂಧಪಟ್ಟ ಸ್ಥಳೀಯ ಸಂಸ್ಥೆಗೇ ದೂರು ಕೊಟ್ಟು ಅದರ ಉತ್ತರ ಪಡೆಯಬೇಕು, 12 ತಿಂಗಳ ಮಿತಿಯೂ ಇದೆ. ಆದರೆ ತಪ್ಪು ಕಂಡರೆ ಕ್ಷಮೆ ಕೇಳುವುದು, ಬಾಕಿ ಕೆಲಸ ಮಾಡಿಕೊಡುವುದು, ಪರಿಹಾರ ಕೊಡುವುದು ಎಂದು ದೂರುದಾರರಿಗೆ ನೇರವಾಗಿ ಸಲ್ಲಬೇಕಾದದ್ದನ್ನು ಅವರು ಶಿಫಾರಸು ಮಾಡುತ್ತಾರೆ. ಆ ಶಿಫಾರಸು ಕಾನೂನಿನಂತೆ ಕಡ್ಡಾಯವಲ್ಲದಿದ್ದರೂ ಸಾರ್ವಜನಿಕವಾಗಿ ಪ್ರಕಟವಾಗುವುದರಿಂದ ಬಹುತೇಕ ಸಂಸ್ಥೆಗಳು ಪಾಲಿಸುತ್ತವೆ. ದೂರದ ಮಾತೇಕೆ, ಕೇರಳದಲ್ಲಿಯೇ ಪಂಚಾಯತಿ ಮತ್ತು ನಗರಸಭೆಗಳಿಗೆಂದು ಪ್ರತ್ಯೇಕ ಒಂಬುಡ್ಸ್‌ಮನ್ ಇದ್ದಾರೆ.

ನಮ್ಮಲ್ಲಿ ಲೋಕಾಯುಕ್ತರ ನೋಟ ಹೆಚ್ಚಾಗಿ ನೌಕರನ ತಪ್ಪಿನ ಮೇಲಿರುತ್ತದೆ. ಆಪಾದನೆ ಸಾಬೀತಾದರೆ ವರದಿ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಕ್ರಮ ಕೈಗೊಳ್ಳುವ ಅಧಿಕಾರವಿರುವವರಿಗೆ, ಹೋಗುತ್ತದೆ, ಆ ಪ್ರಾಧಿಕಾರ 3 ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು. ನಂತರ ಇಲಾಖಾ ವಿಚಾರಣೆ, ಶಿಕ್ಷೆಯ ಶಿಫಾರಸು, ಅದರ ಮೇಲೆ ಸರ್ಕಾರದ ತೀರ್ಮಾನ. ಇಷ್ಟೆಲ್ಲ ಆಗುವ ಹೊತ್ತಿಗೆ ಗಟಾರ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಶಿಕ್ಷೆ ಕೇಳುವ ದೂರಿನ ಜೊತೆಗೆ, ಬಾಕಿ ಕೆಲಸ ಮಾಡಿಸಿಕೊಳ್ಳುವ ಬೇಡಿಕೆಯನ್ನು ಗ್ರಾಮಸಭೆಯ ಠರಾವಿನ ಮೂಲಕ ಪ್ರತ್ಯೇಕವಾಗಿ ನಡೆಸಿ. ಎಲ್ಲ ದಾರಿ ಮುಚ್ಚಿದರೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ ಹಾಕುವ ಅವಕಾಶ ಇದ್ದೇ ಇದೆ.

ಪ್ರಶ್ನೆ ಕೇಳಿದವರು: ಭೀಮಾ ತೀರದ ರೈತ

ಹಿರಿಯರೆಲ್ಲರಿಗೂ ಶರಣು. ಒಂದೇ ಅಳುಕು. ನನ್ನ ಹೆಸರು ಅವರಿಗೆ ತಿಳಿಯುತ್ತದೆಯೇ? ಸುಳ್ಳು ದೂರು ಎಂದು ನನ್ನ ಮೇಲೆಯೇ ಕೇಸು ಹಾಕಬಹುದೇ?

ಉತ್ತರ 4: ನಿವೃತ್ತ ಎಫ್‌ಡಿಎ, ಕಲಬುರಗಿ

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಲೋಕಾಯುಕ್ತರು ತನಿಖೆಗೆ ಮುಂದಾದಾಗ ದೂರಿನ ಪ್ರತಿಯನ್ನು ಸಂಬಂಧಪಟ್ಟ ನೌಕರನಿಗೂ ಕಳುಹಿಸಬೇಕು, ಅವನ ಮಾತನ್ನೂ ಕೇಳಬೇಕು. ಹಾಗಾಗಿ ಹೆಸರು ತಿಳಿಯುತ್ತದೆ. ಓಣಿಯ ಹಲವರು ಸೇರಿ ಸಹಿ ಮಾಡಿದರೆ ಒಬ್ಬರ ಮೇಲೆಯೇ ಭಾರ ಬೀಳುವುದಿಲ್ಲ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆ ಇರುವುದು ನಿಜ, ಆದರೆ ಅಳತೆ ಪುಸ್ತಕದ ಪ್ರತಿ ಹಿಡಿದು, ಕಂಡದ್ದನ್ನಷ್ಟೇ ಬರೆದವರು ಅದಕ್ಕೆ ಹೆದರಬೇಕಾಗಿಲ್ಲ. ಹಣ ಯಾರು ತಿಂದರು ಎಂಬ ಊಹೆಯನ್ನು ಬರೆಯಬೇಡಿ, ಬಿಲ್ಲು ಇದೆ, ಗಟಾರ ಇಲ್ಲ ಎಂಬಷ್ಟನ್ನೇ ಬರೆಯಿರಿ.

ದಾಖಲೆಗಳನ್ನು ಸುರಕ್ಷಿತವಾಗಿ ವಶದಲ್ಲಿಡಲು ಆದೇಶಿಸುವ ಅಧಿಕಾರ ಲೋಕಾಯುಕ್ತರಿಗಿದೆ. ಅಳತೆ ಪುಸ್ತಕದ ಮೂಲ ಪ್ರತಿಗೆ ಹಾಗೆ ಆದೇಶ ಮಾಡಬೇಕೆಂದು ದೂರಿನಲ್ಲಿಯೇ ಕೋರಿಕೊಳ್ಳಿ. ಎದುರಿನವರ ಸಮಜಾಯಿಷಿಯ ಪ್ರತಿ ತಮಗೆ ಅಂಚೆಯಲ್ಲಿ ಬಂದಾಗ, ಕೊಟ್ಟ ಅವಧಿಯೊಳಗೆ ಪ್ರತ್ಯುತ್ತರ ಬರೆಯಲೇಬೇಕು. ಅಲ್ಲಿ ಸುಮ್ಮನೆ ಕುಳಿತರೆ ಆಸಕ್ತಿ ಇಲ್ಲವೆಂದು ತಿಳಿದು ಕಡತ ಮುಚ್ಚುವ ಸಾಧ್ಯತೆ ಇರುತ್ತದೆ. ಮುಚ್ಚಿದರೂ ಕಾರಣವನ್ನು ದಾಖಲಿಸಿ ತಮಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಹಾಕಿ, ಪುಟಗಳು ಬಂದ ಮೇಲೆ ಇಲ್ಲಿ ತಿಳಿಸಿ. ದೂರಿನ ಕರಡನ್ನು ಕೂಡಿ ಸಿದ್ಧಪಡಿಸೋಣ.